ಬಾಯಿ ತಾಗದ ನೂಲು

ಪುಣೆ
೧೮ ಜುಲೈ ೨೦೦೫

ಅಫ್ರೀನ,

ಅಪ್ಪನ ಅಂಗಡಿಗೆ ಫೋನ್ ಹಚ್ಚಿ ನಿನ್ನನ್ನು ಕರೆಸಬಹುದಿತ್ತು. ಆದರೆ ಅಲ್ಲಿ ಗಾದಿಯ ಸುತ್ತ ಕುಳಿತವರೆಲ್ಲ ನಿನ್ನ ಬಾಯಿಯನ್ನೇ ನೋಡುತ್ತಿರುತ್ತಾರೆ, ನೀನು ಹೂಂ ಹೂಂ ಎಂದು ಇಟ್ಟುಬಿಡುತ್ತೀ. ಅದಕ್ಕೇ ಸಾಲೆಯಲ್ಲಿದ್ದಾಗಿನಂತೆ ಪತ್ರ.

ನಾನು ಇಲ್ಲಿ ಏನು ಮಾಡುತ್ತೇನೆಂದು ಕೇಳಿದ್ದೆಯಲ್ಲ, ಹೇಳುತ್ತೇನೆ ಕೇಳು. ಬೆಳ್ಳಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಮಾಡುತ್ತೇವೆ. ನ್ಯಾನೊ ಕಣ ಎನ್ನುತ್ತಾರೆ. ಅದರಲ್ಲಿ ಅದ್ದಿ ತೆಗೆದ ನೂಲಿನ ಮೇಲೆ ರೋಗಾಣು ಬದುಕುವುದಿಲ್ಲ. ಹುಟ್ಟಿದ ಕೂಸನ್ನು ಸುತ್ತಲು, ಗಾಯಕ್ಕೆ ಕಟ್ಟಲು ಆ ನೂಲಿನ ಬಟ್ಟೆ ಮಾಡಿಸಬೇಕೆಂಬುದು ನಮ್ಮ ಗೈಡ್ ಸರ್ ಅವರ ಆಸೆ. ಆದರೆ ರೋಗಾಣುವನ್ನು ಕೊಲ್ಲುವುದು ನಮ್ಮನ್ನು ಕೊಲ್ಲಬಾರದಲ್ಲ? ಅದನ್ನು ಪರೀಕ್ಷೆ ಮಾಡುವುದೇ ನನ್ನ ಪಿಎಚ್.ಡಿ. ಮನುಷ್ಯರ ಚರ್ಮದ ಜೀವಕೋಶಗಳನ್ನು ಪ್ಲಾಸ್ಟಿಕ್ ತಟ್ಟೆಯ ಸಣ್ಣ ಸಣ್ಣ ಗುಳಿಗಳಲ್ಲಿ ಸಾಕಿದ್ದೇನೆ. ಹೊತ್ತುಹೊತ್ತಿಗೆ ಅವಕ್ಕೆ ಉಣಿಸಬೇಕು, ಬೆಚ್ಚಗಿಡಬೇಕು. ಬಟ್ಟೆ ನೆನೆಸಿದ ನೀರನ್ನು ಅವಕ್ಕೆ ಹಾಕಿ, ಮೇಲೊಂದು ಹಳದಿ ಔಷಧ ಬಿಟ್ಟರೆ, ಬದುಕಿದ್ದವು ಅದನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತವೆ. ಸತ್ತವು ಸುಮ್ಮನಿರುತ್ತವೆ.

ಈಗ ನಿನ್ನ ಕೆಲಸ. ಬೆಳ್ಳಿ ಅದ್ದಿದ ನೂಲಿನ ಪೆಟ್ಟಿಗೆಯನ್ನು ಅಂಗಡಿಗೆ ಕಳಿಸಿದ್ದೇನೆ. ಅದರಿಂದ ನೀನು ಕೂಸಿನ ಬಟ್ಟೆ ನೇಯ್ದು ಕೊಡಬೇಕು. ಗಜೇಂದ್ರಗಡದಲ್ಲಿ ಎಷ್ಟು ಮಗ್ಗವಿದ್ದರೂ ನಾನು ಸರ್ ಮುಂದೆ ಹೇಳಿದ್ದು ನಿನ್ನ ಹೆಸರೊಂದನ್ನೇ. ಒಲ್ಲೆ ಎಂದು ಮುಖ ಊದಿಸಬೇಡ.

ನಿನ್ನ ವಿದ್ಯಾ


ಗಜೇಂದ್ರಗಡ
೯ ಆಗಸ್ಟ್ ೨೦೦೫

ವಿದ್ಯಾ,

ನೀನು ಪುಣೆಯಲ್ಲಿ ಮನುಷ್ಯರ ಚರ್ಮ ಸಾಕಿದ್ದೀಯಂತೆ ಎಂದು ನಮ್ಮ ಅತ್ತೆ ಜಮಾಲಬಿಗೆ ಹೇಳಿದೆ. ಅವರು ಅಡಕೆ ಕತ್ತರಿಸುವುದನ್ನು ನಿಲ್ಲಿಸಿ, "ಮುದಿಯಪ್ಪ ಮಗಳನ್ನ ಅಷ್ಟ್ ಓದಿಸಿದ್ದು ಇದಕ್ಕೇನು?" ಎಂದರು. ನಾನು ನಿನ್ನ ಪರವಾಗಿ ಬಹಳ ಜಗಳಾಡಿದೆ. ಅವರು ಒಪ್ಪಲಿಲ್ಲ.

ನೂಲು ಬಂದಿದೆ. ನಿನ್ನ ತಮ್ಮ ಸುದೀಪ ಅಂಗಡಿಯ ಹಿಂದಿನ ಕೋಣೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಾನೆ. ಅವನು ಸುತ್ತಿದ ಕಂಡಿಕೆ ನಡುವೆ ದಪ್ಪ, ತುದಿಗೆ ತೆಳು, ಥೇಟ್ ಅವನ ಹಾಗೆ. ಆದರೂ ನಡೆಸಿಕೊಂಡಿದ್ದೇನೆ. ನೂಲು ಬಿಳಿಯೂ ಅಲ್ಲ ಬೂದಿಯೂ ಅಲ್ಲ, ಒಂದು ನಮೂನೆ ಮಬ್ಬು. ಬೆರಳಿಗೆ ಪುಡಿ ಹತ್ತುತ್ತದೆ. ಬಾಯಲ್ಲಿ ಚಮಚ ಕಚ್ಚಿ ಹಿಡಿದಂಥ ರುಚಿ. ಗಂಜಿ ಹಾಕಿದ ನೂಲಿನ ರುಚಿ ಇದಕ್ಕಿಂತ ಸಾವಿರ ಪಾಲು ಚಲೋ.

ಇವರು, ಅಂದರೆ ಇಲಿಯಾಸ, ಸೀರೆ ಹೊತ್ತು ರೋಣ, ನರಗುಂದ ಎಂದು ಸಂತೆ ತಿರುಗುತ್ತಾರೆ. ಮನೆಯಲ್ಲಿ ನಾನು, ಅತ್ತೆ, ಗುಲ್ಷನ. ಗುಲ್ಷನಳಿಗೆ ಈಗ ನಾಲ್ಕು ವರ್ಷ. ನಾನು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕುಳಿತರೆ ಅವಳೂ ಅಂಚಿಗೆ ಕುಳಿತು ಕಾಲು ಇಳಿಬಿಡುತ್ತಾಳೆ. ನನ್ನ ಸೆರಗು ಅವಳ ಮುಷ್ಟಿಯಲ್ಲಿ ಇರಲೇಬೇಕು. ಎದ್ದು ನೀರಿಗೆ ಹೋದರೂ ಹಿಂದೆ ಬರುತ್ತಾಳೆ. ಬೈಯುತ್ತೇನೆ, ಆದರೆ ಒಂದು ಗಳಿಗೆ ಹಿಡಿಯದಿದ್ದರೆ ನಾನೇ ತಿರುಗಿ ನೋಡುತ್ತೇನೆ.

ನಿನ್ನ ಅಫ್ರೀನ


ಪುಣೆ
೨ ಅಕ್ಟೋಬರ್ ೨೦೦೫

ಅಫ್ರೀನ,

ನೀನು ನೇಯ್ದ ಬಟ್ಟೆ ಗೆದ್ದಿತು. ನೂರರಲ್ಲಿ ತೊಂಬತ್ತಾರು ಜೀವಕೋಶ ಬದುಕಿವೆ. ತಟ್ಟೆ ತುಂಬ ನೇರಳೆ ಬಣ್ಣ ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ರೋಗಾಣುಗಳ ತಟ್ಟೆಯಲ್ಲಿ ಮಾತ್ರ ಒಂದೂ ಉಳಿದಿರಲಿಲ್ಲ. ಸರ್ ಎಲ್ಲರ ಮುಂದೆ ನನ್ನ ಹೆಸರು ಹಿಡಿದು ಹೊಗಳಿದರು. ನಾಲ್ಕು ವರ್ಷದಲ್ಲಿ ಮೊದಲ ಸಲ. ಚರ್ಮ ಬಿಟ್ಟು ಬೇರೆ ಅಂಗದ ಮೇಲೂ ನೋಡಬೇಕೇ ಎಂದು ಒಬ್ಬಳು ಕೇಳಿದ್ದಕ್ಕೆ, ಬಟ್ಟೆಯನ್ನು ಯಾರೂ ಉಸಿರಾಡುವುದಿಲ್ಲ ಎಂದು ನಕ್ಕರು.

ಇನ್ನೂ ಬಟ್ಟೆ ಬೇಕು. ಮತ್ತೊಂದು ಪೆಟ್ಟಿಗೆ ನೂಲು ಕಳಿಸಿದ್ದೇನೆ. ಮಾರ್ಚಿನೊಳಗೆ ಪ್ರಬಂಧ ಒಪ್ಪಿಸಿದರೆ ಇಲ್ಲಿಯ ಒಂದು ಕಂಪನಿ ನನ್ನನ್ನು ತೆಗೆದುಕೊಳ್ಳುತ್ತದೆ.

ಒಂದು ಮಾತು. ಬಾಯಲ್ಲಿ ರುಚಿ ಎಂದು ಬರೆದಿದ್ದೆಯಲ್ಲ, ನೂಲು ನಿನ್ನ ಬಾಯಿಗೆ ಹೇಗೆ ಹೋಯಿತು?

ವಿದ್ಯಾ


ಗಜೇಂದ್ರಗಡ
೨೪ ಅಕ್ಟೋಬರ್ ೨೦೦೫

ವಿದ್ಯಾ,

ಇದೆಂಥ ಪ್ರಶ್ನೆ? ಮಗ್ಗದ ಮನೆಯಲ್ಲಿ ಆಡಿ ಬೆಳೆದವಳು ನೀನು. ನಮ್ಮ ಮನೆಗೆ ಬಂದಾಗಲೆಲ್ಲ ಪುಸ್ತಕದಲ್ಲಿ ಮೂಗು ತೂರಿಸಿ, ಮಗ್ಗಕ್ಕೆ ಬೆನ್ನು ಮಾಡಿ ಕೂತಿರುತ್ತಿದ್ದೆ. ಅದಕ್ಕೇ ನೋಡಿಲ್ಲ.

ಲಾಳಿಯ ಒಳಗೆ ಕಂಡಿಕೆ ಕೂಡಿಸುತ್ತೇವೆ. ಲಾಳಿಯ ಪಕ್ಕಕ್ಕೆ ಒಂದು ಸಣ್ಣ ತೂತು. ಎಳೆಯ ತುದಿಯನ್ನು ಒಳಗಿನಿಂದ ತೂತಿಗೆ ಹಿಡಿದು, ಹೊರಗಿನಿಂದ ತುಟಿ ಹಚ್ಚಿ ಒಮ್ಮೆ ಉಸಿರು ಜಗ್ಗಿದರೆ ಎಳೆ ಬಂದು ನಾಲಿಗೆಯ ಮೇಲೆ ಕೂಡುತ್ತದೆ. ಜೊತೆಗೆ ಬಂದ ನೂಲಿನ ಜುಂಗನ್ನು ಉಗುಳಿ ಮತ್ತೆ ನೇಯುವುದು. ಕಂಡಿಕೆ ತೀರಿದಾಗಲೆಲ್ಲ ಇದೇ. ನಿನ್ನ ಕಂಪನಿಯವರು ಉಡುವ ಸೀರೆಯೂ ಯಾರದೋ ಬಾಯಿಂದಲೇ ಬಂದಿರುತ್ತದೆ.

ಈಗ ರಂಜಾನ್ ನಡೆದಿದೆ. ರೋಜಾ ಉಪವಾಸ ಇದ್ದಾಗ ಮಾತ್ರ ನಮ್ಮಲ್ಲಿ ಬೇರೆ ರೀತಿ. ಜುಂಗು ನಾಲಿಗೆಗೆ ಹತ್ತಿ ನುಂಗಿದರೆ ರೋಜಾ ಮುರಿಯುತ್ತದೆ ಎಂದು ಅತ್ತೆ ಬಿಡುವುದಿಲ್ಲ. ಅದಕ್ಕೆ ಬಾಯಿ ಒರೆಸಿಕೊಂಡು, ತುಟಿಯನ್ನು ಲಾಳಿಗೆ ತಾಗಿಸದೆ, ತೆರೆದ ಬಾಯಿಂದ ಎದೆಯ ತಳದಿಂದ ಉಸಿರು ಜಗ್ಗಬೇಕು. ಎಳೆ ಹೊರಗೆ ಇಣುಕಿದ ಕೂಡಲೇ ಬೆರಳಿನಿಂದ ಹಿಡಿಯಬೇಕು. ಸಂಜೆಯೊಳಗೆ ಎದೆ ಕಟ್ಟುತ್ತದೆ. ನಿನ್ನ ನೂಲಿಗೆ ಪುಡಿ ಹೆಚ್ಚು, ಈ ಸಲ ಸ್ವಲ್ಪ ಕೆಮ್ಮೂ ಹತ್ತಿದೆ. ಈದ್ ಆದ ಮೇಲೆ ಮತ್ತೆ ತುಟಿ ಹಚ್ಚುವುದೇ, ಆಗ ಹೋಗುತ್ತದೆ.

ಬೆಳ್ಳಿ ತಿಂದರೆ ಬಣ್ಣ ಬೆಳ್ಳಗಾಗುತ್ತದೆಯೇ, ನಿನ್ನ ಸರ್‌ನ್ನು ಕೇಳಿ ಹೇಳು. ಹಾಗಾಗುವುದಾದರೆ ಇನ್ನೂ ನಾಲ್ಕು ಮಾರು ಹೆಚ್ಚು ನೇಯುತ್ತೇನೆ.

ಅಫ್ರೀನ


ಪುಣೆ
೧೬ ಡಿಸೆಂಬರ್ ೨೦೦೫

ಅಫ್ರೀನ,

ಉತ್ತರ ತಡವಾಯಿತು. ನವೆಂಬರ್ ತಿಂಗಳೆಲ್ಲ ಬೇರೆ ಒಂದು ಪರೀಕ್ಷೆಯಲ್ಲಿದ್ದೆ. ಈ ಸಲ ಶ್ವಾಸಕೋಶದ ಜೀವಕೋಶಗಳ ಮೇಲೆ, ನೀರಲ್ಲ, ನೂಲಿನ ಪುಡಿಯನ್ನೇ ಹಾಕಿ ನೋಡಿದೆ. ಸರ್‌ಗೆ ಹೇಳಿ ಮಾಡಿದ್ದಲ್ಲ. ಅದರ ಫಲಿತಾಂಶ ಪ್ರಬಂಧದಲ್ಲಿ ಬರುವುದಿಲ್ಲ, ನೀನು ತಿಳಿದುಕೊಳ್ಳುವಂಥದ್ದೂ ಅದರಲ್ಲಿ ಏನೂ ಇಲ್ಲ.

ಮುಖ್ಯವಾದದ್ದು ಇದು. ಇನ್ನು ಮೇಲೆ ಈ ನೂಲನ್ನು ಬಾಯಿಂದ ಜಗ್ಗಬೇಡ. ತಂತಿಯ ಕೊಕ್ಕೆ ಮಾಡಿಸಿಕೋ. ಉಗುಳು ನೂಲಿಗೆ ಹತ್ತಿದರೆ ಅದರಲ್ಲಿರುವ ರೋಗಾಣುಗಳಿಂದ ನಮ್ಮ ಲೆಕ್ಕ ತಪ್ಪುತ್ತದೆ. ಇದು ಹುಟ್ಟಿದ ಕೂಸುಗಳಿಗೆ ಸುತ್ತುವ ಬಟ್ಟೆ. ಎಂಜಲು ಮಾಡಿದ್ದು ಎಂದು ನಾಳೆ ಯಾರಿಗಾದರೂ ತಿಳಿದರೆ ದೊಡ್ಡ ಆಸ್ಪತ್ರೆಯವರು ಮುಟ್ಟಿಯಾರೇ? ನನ್ನ ಮೂರು ತಿಂಗಳ ಕೆಲಸ ಉಳಿದಿದೆ. ಒಂದು ಹನಿ ಉಗುಳು ತಾಗಬಾರದು. ಇಷ್ಟು ಮಾತ್ರ ನಡೆಸಿಕೊಡು.

ವಿದ್ಯಾಶ್ರೀ


ಗಜೇಂದ್ರಗಡ
೭ ಜನವರಿ ೨೦೦೬

ವಿದ್ಯಾ,

ನಿನ್ನ ಪತ್ರ ಓದಿ ಕೆಳಗಿನ ಸಹಿಯನ್ನು ಎರಡು ಸಲ ನೋಡಿದೆ. ಚಿಕ್ಕವರಿದ್ದಾಗ ನಿಮ್ಮ ಅಜ್ಜಿ ನನಗೆ ಚಹಾ ಕೊಡುವ ಬಸಿಯನ್ನು ಬೇರೆ ಗೂಡಿನಲ್ಲಿ ಇಡುತ್ತಿದ್ದಳು. ನೀನು ಒಂದು ದಿನ ಅವಳ ಕಣ್ಣೆದುರೇ ಅದನ್ನು ತೆಗೆದು ಅದರಲ್ಲಿ ಹಾಲು ಕುಡಿದೆ. ಏಟೂ ತಿಂದೆ. ಆ ಹುಡುಗಿ ನನಗೆ ಎಂಜಲು ಎಂದು ಬರೆದಳಲ್ಲ ಎಂದು ಒಂದು ವಾರ ಮಗ್ಗ ಹತ್ತಲಿಲ್ಲ. ಅತ್ತು ಅತ್ತು ಇವರ ಕೈಲೂ ಬೈಸಿಕೊಂಡೆ.

ಆಮೇಲೆ ಸಿಟ್ಟು ಇಳಿಯಿತು. ಕೂಸಿನ ಮೈಗೆ ಹತ್ತುವ ಬಟ್ಟೆ, ನೀನು ಹೇಳುವುದರಲ್ಲೂ ಖರೇ ಇದೆ. ನಿನ್ನ ಮೂರು ತಿಂಗಳು ನನ್ನಿಂದ ಕೆಡಬಾರದು. ಕೊಕ್ಕೆ ಮಾಡಿಸಿದೆ. ನಿನ್ನ ನೂಲು ಬಿರುಸು, ಕೊಕ್ಕೆ ಹಾಕಿದರೆ ಪುಟಪುಟ ಹರಿಯುತ್ತದೆ. ಅದಕ್ಕೆ ಈಗ ರಂಜಾನಿನ ರೀತಿಯನ್ನೇ ಹಿಡಿದಿದ್ದೇನೆ. ಮೊದಲು ಟವೆಲಿನಿಂದ ತುಟಿ, ನಾಲಿಗೆ ಒರೆಸಿಕೊಳ್ಳುತ್ತೇನೆ. ಬಾಯಿ ಪೂರಾ ಒಣಗಿದ ಮೇಲೆ ಲಾಳಿಯನ್ನು ಎದುರಿಗೆ ಹಿಡಿದು ಎದೆ ತುಂಬ ಉಸಿರು ಜಗ್ಗುತ್ತೇನೆ. ಉಗುಳುವುದನ್ನೂ ಬಿಟ್ಟಿದ್ದೇನೆ, ಹನಿ ಸಿಡಿದೀತು ಎಂದು. ಆ ದಿನದಿಂದ ಈ ದಿನದವರೆಗೆ ನಿನ್ನ ಒಂದು ಎಳೆಗೂ ನನ್ನ ಉಗುಳು ತಾಗಿಲ್ಲ. ನಿನ್ನ ಸರ್‌ಗೆ ಧೈರ್ಯವಾಗಿ ಹೇಳು.

ಸುದೀಪ ಕಂಡಿಕೆ ಸುತ್ತುವುದನ್ನು ಬಿಟ್ಟ. ಡಿಸೆಂಬರಿನಲ್ಲೇ ನಿಮ್ಮ ಅಪ್ಪ, ಮುದಿಯಪ್ಪ ಕಾಕಾ, ಇದ್ದ ನೂಲನ್ನೆಲ್ಲ ಕೈಗಾಡಿಯ ಮೇಲೆ ನಮ್ಮ ಮನೆಗೆ ಕಳಿಸಿದರು, ಅಂಗಡಿಯಲ್ಲಿ ಜಾಗವಿಲ್ಲವಂತೆ. ಈಗ ಸುತ್ತುವುದೂ ನಾನೇ. ಕೆಮ್ಮು ಹೋಗಿಲ್ಲ. ಮೆಟ್ಟಿಲು ಹತ್ತಿದರೆ ನಿಲ್ಲಬೇಕಾಗುತ್ತದೆ. ಗುಲ್ಷನ ನಾನು ಕೆಮ್ಮುವುದನ್ನು ಅಣಕಿಸಿ ತೋರಿಸಿ ಎಲ್ಲರನ್ನೂ ನಗಿಸುತ್ತಾಳೆ.

ಇಷ್ಟೆಲ್ಲ ಮಾಡಿದ್ದಕ್ಕೆ ಒಂದು ಸಾಲು ಚಲೋ ಮಾತು ಬರಿ.

ಅಫ್ರೀನ


ಪುಣೆ
೩ ಏಪ್ರಿಲ್ ೨೦೦೬

ಅಫ್ರೀನ,

ಪ್ರಬಂಧ ಒಪ್ಪಿಸಿದೆ. ಅದಕ್ಕೇ ಬರೆಯಲು ಬಿಡುವಾಗಲಿಲ್ಲ.

ನಿನ್ನ ಜನವರಿಯ ಪತ್ರ ಜನವರಿಯಲ್ಲೇ ಸಿಕ್ಕಿತ್ತು. ನೀನು ಅಷ್ಟು ಮಾಡುವ ಅಗತ್ಯವಿರಲಿಲ್ಲ. ನಾನು ಕೊಕ್ಕೆ ಎಂದು ಸ್ಪಷ್ಟವಾಗಿ ಬರೆದಿದ್ದೆ. ಹೇಳಿದ್ದನ್ನು ಹೇಳಿದಂತೆ ಮಾಡದೆ ನಿನ್ನದೇ ಬುದ್ಧಿ ಓಡಿಸಿದರೆ ಅದಕ್ಕೆ ನಾನು ಏನು ಮಾಡಲಿ?

ಇನ್ನು ಬಟ್ಟೆ ಬೇಡ. ಉಳಿದ ನೂಲನ್ನು ಹಿತ್ತಲಿನಲ್ಲಿ ಹೂಳಿಬಿಡು, ಸುಡಬೇಡ. ಕೆಮ್ಮಿಗೆ ಒಳ್ಳೆಯ ಡಾಕ್ಟರಿಗೆ ತೋರಿಸು, ಮಗ್ಗದ ಧೂಳು ಎಂದು ಹೇಳು. ಈ ನೂಲಿನ ಮಾತು ಮಾತ್ರ ಎತ್ತಬೇಡ. ಅದು ಪ್ರಯೋಗಾಲಯದ ಗುಟ್ಟು, ಹೊರಗೆ ಬಿದ್ದರೆ ನನಗೆ ತೊಂದರೆ.

ನೀನು ನೇಯ್ದದ್ದಕ್ಕೆ ಸರ್ ಮೆಚ್ಚಿಗೆ ತಿಳಿಸಿದ್ದಾರೆ.

ವಿದ್ಯಾಶ್ರೀ


ಗಜೇಂದ್ರಗಡ
೨೦ ಏಪ್ರಿಲ್ ೨೦೦೬

ವಿದ್ಯಾ,

ನನಗೆ ಟಿ.ಬಿ. ಎಂದಿದ್ದಾರೆ. ಇವರು ರೋಣದ ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋಗಿದ್ದರು. ಎದೆಯ ಫೋಟೋ ತೆಗೆದರು, ತುಂಬ ಬಿಳಿ ಬಿಳಿ ಕಂಡಿತು. ಕಫದ ಪರೀಕ್ಷೆಯಲ್ಲಿ ಏನೂ ಬರಲಿಲ್ಲವಾದರೂ ಇದು ಅದೇ ಎಂದು ಗುಳಿಗೆ ಬರೆದುಕೊಟ್ಟರು. ಏನು ಕೆಲಸ ಎಂದು ಕೇಳಿದರು. ಮಗ್ಗದ ಧೂಳು ಎಂದೆ. ನಿನ್ನ ನೂಲಿನ ಮಾತು ಎತ್ತಲಿಲ್ಲ.

ಅತ್ತೆ ನನ್ನ ತಾಟು ಬೇರೆ ಮಾಡಿದ್ದಾರೆ. ಅದಕ್ಕೆ ನನಗೆ ಸಿಟ್ಟಿಲ್ಲ, ರೋಗವೇ ಅಂಥದ್ದು. ಆದರೆ ಗುಲ್ಷನಳನ್ನು ರಾಜೂರಿಗೆ, ನಮ್ಮ ಅಮ್ಮ ಹಸನಬಿಯ ಹತ್ತಿರ ಕಳಿಸಿದ್ದೇವೆ. ಬಸ್ಸಿನ ಬಾಗಿಲಲ್ಲಿ ನನ್ನ ಸೆರಗು ಬಿಡಲಿಲ್ಲ. ಇವರು ಒಂದೊಂದೇ ಬೆರಳು ಬಿಡಿಸಿದರು. ನಾನು ಬಾಯಿಗೆ ಬಟ್ಟೆ ಒತ್ತಿಕೊಂಡು ಆ ಕಡೆ ಮುಖ ಮಾಡಿ ನಿಂತಿದ್ದೆ. ಅವಳು ಅಳುವುದು ಬಸ್ಸು ತಿರುಗುವವರೆಗೂ ಕೇಳುತ್ತಿತ್ತು.

ವಿದ್ಯಾ, ನಿನಗೆ ಜೀವಕೋಶ ಗೊತ್ತು, ಶ್ವಾಸಕೋಶವೂ ಗೊತ್ತು ಎಂದು ನೀನೇ ಬರೆದಿದ್ದೆ. ನನಗೆ ಒಂದೇ ಮಾತು ಬೇಕು. ಇದು ಟಿ.ಬಿ. ಹೌದೇ, ಅಲ್ಲವೇ? ಹೌದು ಎಂದರೆ ಕಲ್ಲು ಮನಸ್ಸು ಮಾಡಿ ಅವಳನ್ನು ದೂರ ಇಡುತ್ತೇನೆ. ಅಲ್ಲ ಎಂದು ನೀನು ಬರೆದರೆ, ಯಾರು ಏನೇ ಅನ್ನಲಿ, ಪತ್ರ ಕೈಗೆ ಬಂದ ದಿನವೇ ರಾಜೂರಿಗೆ ಹೋಗಿ ಕರೆದುಕೊಂಡು ಬರುತ್ತೇನೆ. ಡಾಕ್ಟರ ಮಾತಿಗಿಂತ ನನಗೆ ನಿನ್ನ ಮಾತು ಹೆಚ್ಚು. ಲಗೂ ಬರಿ.

ಅಫ್ರೀನ


ಪುಣೆ
೩೦ ಜೂನ್ ೨೦೦೬

ಅಫ್ರೀನ,

ನನ್ನ ಪಿಎಚ್.ಡಿ. ಆಯಿತು. ಬಟ್ಟೆ ಜೀವಕೋಶಗಳಿಗೆ ಸುರಕ್ಷಿತ ಎಂಬ ತೀರ್ಮಾನವನ್ನು ಪರೀಕ್ಷಕರು ಒಪ್ಪಿದರು. ಮುಂದಿನ ವಾರ ಕಂಪನಿ ಸೇರುತ್ತೇನೆ. ಇಷ್ಟರಲ್ಲಿ ಮನೆ ಬದಲಿಸಿದೆ, ಅದಕ್ಕೆ ತಡ.

ನಾನು ವೈದ್ಯಳಲ್ಲ. ತಟ್ಟೆಯ ಜೀವಕೋಶ ಬೇರೆ, ಮನುಷ್ಯರು ಬೇರೆ. ರೋಣದ ಡಾಕ್ಟರು ಹೇಳಿದಂತೆ ನಡೆ, ಗುಳಿಗೆ ಒಂದು ದಿನವೂ ತಪ್ಪಿಸಬೇಡ. ಗುಲ್ಷನ ದೂರವೇ ಇರಲಿ. ನೀನು ತಾಯಿ, ನಿನ್ನ ಆಸೆಗಿಂತ ಮಗಳ ಆರೋಗ್ಯ ದೊಡ್ಡದು. ಮನಸ್ಸು ಗಟ್ಟಿ ಮಾಡಿಕೋ.

ಕಂಪನಿಯ ವಿಳಾಸಕ್ಕೆ ಬರೆಯಬೇಡ, ಅಲ್ಲಿ ಎಲ್ಲ ಪತ್ರ ಒಡೆಯುತ್ತಾರೆ.

ವಿದ್ಯಾಶ್ರೀ


ಗಜೇಂದ್ರಗಡ
೧೧ ಫೆಬ್ರವರಿ ೨೦೦೭

ವಿದ್ಯಾ,

ಈ ಪತ್ರವನ್ನು ತಡೆತಡೆದು ಬರೆಯುತ್ತಿದ್ದೇನೆ. ನಾಲ್ಕು ಸಾಲಿಗೊಮ್ಮೆ ಗೋಡೆಗೆ ಒರಗಬೇಕು.

ಗುಳಿಗೆ ಪೂರಾ ನುಂಗಿದೆ, ಒಂದು ದಿನವೂ ತಪ್ಪಿಸಲಿಲ್ಲ. ಕಣ್ಣು ಹಳದಿಯಾಯಿತು, ಉಸಿರು ಮಾತ್ರ ಇನ್ನೂ ಸಣ್ಣದಾಯಿತು. ಹುಬ್ಬಳ್ಳಿಗೆ ಒಯ್ದರು. ಅಲ್ಲಿಯ ಡಾಕ್ಟರು ಹಳೆಯ ಕಾಗದ ಎಲ್ಲ ನೋಡಿ, ನಿನಗೆ ಟಿ.ಬಿ. ಯಾವಾಗಲೂ ಇರಲೇ ಇಲ್ಲ ಎಂದರು. ಶ್ವಾಸಕೋಶ ಬಿರುಸಾಗಿ ಹೋಗಿದೆಯಂತೆ. ಔಷಧವಿಲ್ಲ. ಎದೆಗೆ ಏನು ಹೋಗಿದೆ ತಾಯಿ ಎಂದು ಕೇಳಿದರು. ಆಗಲೂ ನಾನು ಮಗ್ಗದ ಧೂಳು ಎಂದೇ ಹೇಳಿದೆ.

ಹೋದ ವಾರ ನಿಮ್ಮ ಅವ್ವ, ತಿಪ್ಪವ್ವ ಕಾಕು, ನನ್ನನ್ನು ನೋಡಲು ಬಂದಿದ್ದರು. ಪಾಪ, ಅವರಿಗೆ ಕಪಟ ಗೊತ್ತಿಲ್ಲ. ನನ್ನ ಕೈ ಹಿಡಿದು, "ಎಷ್ಟ ಸೊರಗಿದಿ ನೋಡವಾ. ನಮ್ಮ ಸುದೀಪ ಸ್ವಲ್ಪದಾಗ ಉಳದಾ. ಆ ಡಿಸೆಂಬರದಾಗ ವಿದ್ಯಾ ಫೋನ್ ಮಾಡಿದ್ಲು. ಆ ನೂಲಿನ ಪುಡಿ ಎದಿಗೆ ಹೋದ್ರ ಜೀವಕ್ಕ ಅಪಾಯ, ತಮ್ಮನ ಕೈಲೆ ಮುಟ್ಟಸಬ್ಯಾಡ್ರಿ, ಇವತ್ತ ಆ ನೂಲು ಮನಿಬಿಟ್ಟು ಕಳಸ್ರಿ ಅಂತ ಅತ್ತಳವಾ. ನಿನಗೂ ಹೇಳಿರಬೇಕಲ್ಲ?" ಎಂದರು.

ಹೌದ್ರಿ, ಹೇಳಿದ್ದಳು ಎಂದೆ. ಅವರು ಹೋದ ಮೇಲೆ ನಿನ್ನ ಡಿಸೆಂಬರಿನ ಪತ್ರ ತೆಗೆದು ಮತ್ತೆ ಓದಿದೆ. ತಮ್ಮನಿಗೆ ಫೋನಿನಲ್ಲಿ ಖರೇ ಮಾತು, ನನಗೆ ಎಂಜಲಿನ ಮಾತು. ನೀನು ಹೇಳಿದ್ದರೆ ನಾನು ಉಗುಳುತ್ತಿದ್ದೆ, ನೂಲನ್ನೇ ಚರಂಡಿಗೆ ಎಸೆಯುತ್ತಿದ್ದೆ. ಹೇಳಲಿಲ್ಲವೆಂದು ಬಾಯಿ ಒಣಗಿಸಿಕೊಂಡು ಎದೆ ತುಂಬ ಜಗ್ಗಿದೆ. ನಿನ್ನ ಮೇಲೆ ಅಸಹ್ಯವಾಗುತ್ತದೆ. ನನ್ನ ಬಾಯಿಂದ ಈ ಮಾತು ಬರಬಾರದಿತ್ತು, ಬಂತು.

ಇವರಿಗೆ ಹೇಳಿಲ್ಲ. ಹೇಳಿದರೆ ಇಲಿಯಾಸ ಸೀದಾ ನಿಮ್ಮ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಾರೆ. ಆಮೇಲೆ ಅದು ನೂಲಿನ ಜಗಳವಾಗಿ ಉಳಿಯುವುದಿಲ್ಲ, ಎರಡೂ ಕಡೆಯವರು ಸೇರುತ್ತಾರೆ, ನಿನಗೂ ಗೊತ್ತು. ನಿಮ್ಮ ಅವ್ವನ ಮನೆಗೆ ಕಲ್ಲು ಬೀಳುವುದು ನನಗೆ ಬೇಡ.

ಅಂಟುರೋಗವಲ್ಲ ಎಂದು ಗೊತ್ತಾದ ದಿನವೇ ಗುಲ್ಷನಳನ್ನು ಕರೆಸಿದೆ. ಬಾಗಿಲಲ್ಲೇ ನಿಂತಳು. ನನ್ನ ಅಮ್ಮನ ಸೆರಗು ಹಿಡಿದಿದ್ದಳು. ಬಾ ಎಂದೆ. ಹತ್ತಿರ ಹೋದರೆ ರೋಗ ಬರುತ್ತದೆ ಎಂದು ಅವಳೇ ನನಗೆ ಹೇಳಿದಳು. ನನಗೆ ಅಂಥ ರೋಗ ಇಲ್ಲವೇ ಇಲ್ಲ, ಡಾಕ್ಟರು ಹೇಳಿದ್ದಾರೆ ಎಂದೆ. ಅದಕ್ಕೆ ಅವಳು ಕೇಳಿದಳು:

"ಇಲ್ಲಂದ್ರ ಮತ್ತ ನನ್ನ ಯಾಕ ಕಳಿಸಿದಿ?"

ಮರುದಿನ ಅವಳೇ ಹಟ ಮಾಡಿ ರಾಜೂರಿಗೆ ಹೋದಳು. ಈಗ ಅವಳು ಅಮ್ಮಿ ಎಂದು ಕರೆಯುವುದು ನನ್ನ ಅಮ್ಮನನ್ನು.

ಅವಳ ಪ್ರಶ್ನೆಗೆ ಉತ್ತರ ನಿನ್ನ ಹತ್ತಿರ ಇದೆ ವಿದ್ಯಾ. ನನಗೆ ಬರೆಯಬೇಡ, ಅವಳಿಗೆ ಬರಿ. ಜೂನಿನಲ್ಲಿ ಅವಳನ್ನು ಕನ್ನಡ ಸಾಲೆಗೆ ಹಾಕುತ್ತಾರೆ, ಒಂದು ವರ್ಷದಲ್ಲಿ ಓದಲು ಬರುತ್ತದೆ. ಆಗ ನಾನು ಇರುವುದಿಲ್ಲ. ನಾನು ಅವಳನ್ನು ಬೇಡವೆಂದು ಕಳಿಸಲಿಲ್ಲ ಎಂಬುದನ್ನು, ಯಾವ ಸುಳ್ಳಿನಿಂದ ಕಳಿಸಬೇಕಾಯಿತು ಎಂಬುದನ್ನು, ಅವಳಿಗೆ ತಿಳಿಯುವ ಹಾಗೆ ದೊಡ್ಡ ಅಕ್ಷರದಲ್ಲಿ ಬರಿ. ಇಷ್ಟು ಮಾಡಿದರೆ ಉಳಿದದ್ದಕ್ಕೆ ನಾನು ನಿನ್ನನ್ನು ಮಾಫ್ ಮಾಡುತ್ತೇನೆ. ಖರೇ ಹೇಳುತ್ತೇನೆ, ಮಾಡುತ್ತೇನೆ.

ಅಫ್ರೀನ


ಪುಣೆ
೫ ಜೂನ್ ೨೦೦೮

ಗುಲ್ಷನ,

ನಾನು ನಿನ್ನ ತಾಯಿಯ ಗೆಳತಿ. ಚಿಕ್ಕವರಿದ್ದಾಗ ನಾವು ಒಂದೇ ಸಾಲೆಗೆ ಹೋಗುತ್ತಿದ್ದೆವು. ಅವಳು ತೀರಿಕೊಂಡ ಸುದ್ದಿಯನ್ನು ನಮ್ಮ ಅವ್ವ ಫೋನಿನಲ್ಲಿ ಹೇಳಿದಳು. ನಿನಗೆ ಈಗ ಓದಲು ಬರುತ್ತದೆಯಂತೆ. ಜಾಣೆ.

ನಿನ್ನನ್ನು ಯಾಕೆ ರಾಜೂರಿಗೆ ಕಳಿಸಿದರು ಎಂದು ನೀನು ಕೇಳಿದ್ದೆಯಂತೆ. ನಿನಗೆ ಬರೆದು ತಿಳಿಸು ಎಂದು ನಿನ್ನ ತಾಯಿ ನನಗೆ ಹೇಳಿದ್ದಳು.

ನಿನ್ನ ತಾಯಿಗೆ ಟಿ.ಬಿ. ಇತ್ತು. ಅದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ನಿನಗೆ ಬರಬಾರದು ಎಂದು ದೂರ ಕಳಿಸಿದರು. ಅಂಥ ರೋಗ ಇಲ್ಲ ಎಂದು ಅವಳು ನಿನಗೆ ಹೇಳಿರಬಹುದು. ಕಾಯಿಲೆಯವರು ಕೊನೆಗೆ ಹಾಗೆಲ್ಲ ಹೇಳುತ್ತಾರೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಂದು ನೀನು ಹತ್ತಿರ ಹೋಗದೆ ಬಾಗಿಲಲ್ಲೇ ನಿಂತದ್ದು ಒಳ್ಳೆಯದೇ ಆಯಿತು.

ಚೆನ್ನಾಗಿ ಓದು. ಅಜ್ಜಿ ಹೇಳಿದ ಹಾಗೆ ಕೇಳು.

ಡಾ. ವಿದ್ಯಾಶ್ರೀ